ಎಣ್ಣೆ ಅಳೆಯುತ್ತಿದ್ದ ವಿಲ್ಫಿ ಅಂಕಲ್ ಸಿನಿಮಾ ನೋಡಿದ್ದು

ವಿಲ್ಫಿ ಅಂಕಲ್ ನನಗೆ ಪರಿಚಯವಾದದ್ದು ನಾನು ಅವರನ್ನು ಗದರಿಸಿದ್ದರಿಂದ.

೨೦೧೫ರ ಜುಲೈ ತಿಂಗಳು, ಸಿಡ್ನಿಯ ಚಳಿಗಾಲ. ಒಂದು ಶನಿವಾರ ಮಧ್ಯಾಹ್ನ ನಾನು, ನನ್ನ ಗಂಡ ಗೋಪೀನಾಥ, ಹದಿಮೂರು ವರ್ಷದ ಮಗಳು ಆದ್ಯಾ ಮೂವರೂ ಚಾಟ್ಸ್‌ವುಡ್‌ನಲ್ಲಿ ಸಿನಿಮಾಕ್ಕೆ ಹೋಗಿದ್ದೆವು. ಸುತ್ತಮುತ್ತಲಿನ ಏಳೆಂಟು ಕನ್ನಡ ಮನೆಗಳವರು ಸೇರಿ ತಿಂಗಳಿಗೊಂದು ಸಿನಿಮಾ ನೋಡುವುದು, ಮಾರನೆಯ ದಿನ ಲೈಬ್ರರಿಯ ಒಂದು ಕೋಣೆಯಲ್ಲಿ ಕೂತು ಅದರ ಬಗ್ಗೆ ಮಾತಾಡುವುದು ಎಂದು ಪದ್ಧತಿ ಇಟ್ಟುಕೊಂಡಿದ್ದೆವು. ಆ ತಿಂಗಳ ಆಯ್ಕೆ ಗೋಪಿಯದು: ಎಣ್ಣೆಯ ರಾಜಕೀಯ ಕುರಿತ ಥ್ರಿಲ್ಲರ್. ಮರಳುಗಾಡಿನ ಒಂದು ಕಲ್ಪಿತ ದೇಶ, ಅಲ್ಲೊಬ್ಬ ಲಂಚಕೋರ ಎಣ್ಣೆ ಮಂತ್ರಿ, ಅವನ ಬೆನ್ನಿಗೆ ವಿದೇಶಿ ಗೂಢಚಾರರು, ಅವನ ಗುಟ್ಟು ಬಯಲಿಗೆಳೆಯಲು ಹೊರಟ ಒಬ್ಬ ಪತ್ರಕರ್ತೆ.

ನಮ್ಮ ಹಿಂದಿನ ಸಾಲಿನಲ್ಲಿ ಮೂವರು ಕೂತಿದ್ದರು. ವಯಸ್ಸಾದ ಗಂಡ ಹೆಂಡತಿ ಮತ್ತು ಒಬ್ಬ ಯುವಕ. ಮೊದಲ ಹದಿನೈದು ನಿಮಿಷ ಶಾಂತವಾಗಿತ್ತು. ಆಮೇಲೆ ಸಿನಿಮಾದ ಮಂತ್ರಿ ಬಂದರಿನ ದೊಡ್ಡ ಎಣ್ಣೆ ಟ್ಯಾಂಕಿನ ಮೇಲೆ ನಿಂತು ಚುರುಟು ಹಚ್ಚಿದ. ಹಿಂದಿನಿಂದ ಒಂದು ಗಂಡು ಧ್ವನಿ "ಏಯ್!" ಎಂದು ಕೂಗಿತು. ಸಾಮಾನ್ಯ ಕೂಗಲ್ಲ, ರಸ್ತೆಗೆ ಓಡಿದ ಮಗುವನ್ನು ಹಿಡಿಯಲು ಹೋಗುವವರ ಕೂಗು. ಇಡೀ ಹಾಲ್ ತಿರುಗಿ ನೋಡಿತು. ಆ ಮನುಷ್ಯ ಎದ್ದೇ ನಿಂತಿದ್ದರು.

"ಡ್ಯಾಡ್, ಪ್ಲೀಸ್! ಸಿಟ್ ಡೌನ್," ಎಂದು ಯುವಕ ಅವರ ಸ್ವೆಟರ್ ಹಿಡಿದು ಎಳೆದ.

ಅವರು ಕೂತರು. ಆದರೆ ಬಾಯಿ ಕೂರಲಿಲ್ಲ. ಹೆಂಡತಿಯ ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು. ಆ ಪಿಸುಮಾತು ಮೂರು ಸಾಲಿಗೆ ಕೇಳುತ್ತಿತ್ತು. ನನಗೆ ಕೊಂಕಣಿ ಬಾರದಿದ್ದರೂ "ವಾಲ್ವ್", "ಸೇಫ್ಟಿ", "ಮಂಡೆ ಸರಿ ಇಲ್ಲ" ಎಂದು ನಡುನಡುವೆ ಬರುತ್ತಿದ್ದ ಮಾತುಗಳು ಅರ್ಥವಾಗುತ್ತಿದ್ದವು.

ಕಥೆಯ ಗುಟ್ಟು ಇಷ್ಟು. ಆ ಮಂತ್ರಿ ಟ್ಯಾಂಕುಗಳಲ್ಲಿದ್ದ ಎಣ್ಣೆಯನ್ನೆಲ್ಲ ಗುಟ್ಟಾಗಿ ಮಾರಿ, ಒಳಗೆ ಸಮುದ್ರದ ನೀರು ತುಂಬಿಸಿ, ಮೇಲೆ ಒಂದಿಷ್ಟು ಎಣ್ಣೆ ತೇಲಿಸಿರುತ್ತಾನೆ. ಅದನ್ನು ಸಾಬೀತು ಮಾಡಲು ಪತ್ರಕರ್ತೆ ಅರಮನೆಯ ಕಂಪ್ಯೂಟರಿನಿಂದ ಒಂದು ಫೈಲ್ ಕದಿಯಬೇಕು. ಕಿಟಕಿಯಿಂದ ಹಾರುತ್ತಾಳೆ, ಹೆಲಿಕಾಪ್ಟರ್ ಬೆನ್ನು ಹತ್ತುತ್ತದೆ, ಇಬ್ಬರು ಸಾಯುತ್ತಾರೆ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಗ ಹಿಂದಿನಿಂದ, ಈ ಸಲ ಶುದ್ಧ ಕನ್ನಡದಲ್ಲಿ, ನೋವು ತುಂಬಿದ ಧ್ವನಿ ಬಂತು:

"ಅಯ್ಯೋ ಮಾರಾಯ್ರೇ, ಮೇಲೆ ಹತ್ತಿ ಒಂದು ಟೇಪ್ ಬಿಟ್ರೆ ಆಯ್ತಲ್ಲ! ಐದು ನಿಮಿಷದ ಕೆಲ್ಸ!"

ನಾನು ತಿರುಗಿದೆ. "ಶ್! ಸ್ವಲ್ಪ ಸುಮ್ನಿರ್ತೀರಾ?" ಎಂದು ನಾನೂ ಕನ್ನಡದಲ್ಲೇ ಗದರಿಸಿಬಿಟ್ಟೆ.

ಅವರ ಮುಖ ಸಪ್ಪಗಾಯಿತು. ಮರುಕ್ಷಣ, ಕನ್ನಡ ಕೇಳಿದ ಖುಷಿಗೋ ಏನೋ, ಅಗಲವಾಗಿ ನಕ್ಕು ಎರಡು ಕಿವಿಯನ್ನೂ ಹಿಡಿದುಕೊಂಡರು.

ಅದರ ನಂತರ ಅವರು ಮಾತಾಡಲಿಲ್ಲ. ಕೊನೆಗೆ ಒಂದು ದೃಶ್ಯ ಬಂತು. ಯುದ್ಧ ಶುರುವಾಗಿ ಜನ ಬಸ್ಸುಗಳಲ್ಲಿ ಮರಳುಗಾಡು ದಾಟಿ ಓಡುತ್ತಾರೆ. ಅರ್ಧ ನಿಮಿಷದ ದೃಶ್ಯ. ನಾನು ಸುಮ್ಮನೆ ಹಿಂದೆ ಕಣ್ಣು ಹಾಯಿಸಿದೆ. ಆ ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು, ಪರದೆಯನ್ನೇ ನೋಡುತ್ತ ಕೂತಿದ್ದರು. ನನ್ನ ಮಾತಿನಿಂದ ಬೇಸರವಾಗಿರಬೇಕು ಎಂದುಕೊಂಡೆ.

ಸಿನಿಮಾ ಮುಗಿದ ಮೇಲೆ ಕ್ಷಮೆ ಕೇಳೋಣ ಎಂದು ಹೊರಗೆ ಕಾದೆ. ಅವರೇ ಮೊದಲು ಬಂದರು. ಕುಳ್ಳಗೆ, ದುಂಡಗೆ, ನೀಟಾಗಿ ಬಾಚಿದ ಬಿಳಿ ಕೂದಲು.

"ಸಾರಿ ಮೇಡಂ. ನಾನು ವಿಲ್ಫ್ರೆಡ್. ವಿಲ್ಫಿ ಅಂತ ಕರೀರಿ. ನಿಮ್ಮ ಸಿನಿಮಾ ಹಾಳು ಮಾಡಿದೆ ಅಲ್ವಾ?"

"ಛೆ, ಇಲ್ಲ ಅಂಕಲ್. ನಾನೇ ಸ್ವಲ್ಪ ಜೋರಾಗಿ ಹೇಳ್ಬಿಟ್ಟೆ."

"ಇಲ್ಲ ಇಲ್ಲ, ಒಳ್ಳೇದೇ ಮಾಡಿದ್ರಿ," ಎಂದರು ಅವರ ಹೆಂಡತಿ ಇಡಾ ಆಂಟಿ. "ನಾನು ಮೂವತ್ತು ವರ್ಷದಿಂದ ಹೇಳ್ತಿದ್ದೇನೆ, ಕೇಳುವುದಿಲ್ಲ."

ಅವರು ಕಿನ್ನಿಗೋಳಿ ಕಡೆಯವರು, ಈಗ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಮನೆ. ಜೊತೆಗಿದ್ದ ಮಗ ಡಿಕ್ಸನ್‌ಗೆ ಚಾಟ್ಸ್‌ವುಡ್‌ನ ಒಂದು ಕಂಪನಿಯಲ್ಲಿ ಕೆಲಸ. ಅವನು ಹೊಸ ಫ್ಲ್ಯಾಟಿಗೆ ಮನೆ ಬದಲಿಸುತ್ತಿದ್ದಾನೆ, ಅಪ್ಪ ಅಮ್ಮ ಸಹಾಯಕ್ಕೆ ಬಂದಿದ್ದಾರೆ.

"ಅಂಕಲ್, ಟೇಪ್ ಬಿಡೋದು ಅಂದ್ರೆ ಏನು?" ಎಂದು ಗೋಪಿ ಕೇಳಿದ.

ವಿಲ್ಫಿ ಅಂಕಲ್ ಕಣ್ಣು ಮಿಂಚಿತು. ಡಿಕ್ಸನ್ "ಓ ನೋ" ಎಂದು ಮೆಲ್ಲಗೆ ಹೇಳಿ ಗೋಡೆಗೆ ಒರಗಿಕೊಂಡ. ಅಲ್ಲಿಂದ ನಲವತ್ತು ನಿಮಿಷ ನಾವು ಪಾಪ್‌ಕಾರ್ನ್ ಕೌಂಟರಿನ ಪಕ್ಕದಲ್ಲೇ ನಿಂತಿದ್ದೆವು. ಕೊನೆಗೆ ಮರುದಿನದ ನಮ್ಮ ಮಾತುಕತೆಗೆ ಬರಬೇಕೆಂದು ಅವರನ್ನು ಒಪ್ಪಿಸಿದೆವು.

ಭಾನುವಾರ ಮೂರು ಗಂಟೆಗೆ ಲೈಬ್ರರಿಯ ಕೋಣೆಯಲ್ಲಿ ಹತ್ತೊಂಬತ್ತು ಜನ ಸೇರಿದೆವು. ಮೊದಲು ಗೋಪಿಯ ಭಾಷಣ. ನನ್ನ ಗಂಡನಿಗೆ ಸ್ಲೈಡುಗಳೆಂದರೆ ಪ್ರಾಣ. ಜಾಗತಿಕ ಬಂಡವಾಳ, ಭೂರಾಜಕೀಯ, ಸಂಪನ್ಮೂಲದ ಶಾಪ ಎಂದು ಇಪ್ಪತ್ತಾರು ಸ್ಲೈಡು ತೋರಿಸಿದ. ಒಳ್ಳೆಯ ಮಾತುಗಳೇ. ಆದರೆ ಹದಿನಾಲ್ಕನೇ ಸ್ಲೈಡಿನ ಹೊತ್ತಿಗೆ ಇಬ್ಬರು ಆಕಳಿಸಿದರು, ಅವರಲ್ಲಿ ಒಬ್ಬಳು ನಾನು.

ಆಮೇಲೆ ವಿಲ್ಫಿ ಅಂಕಲ್ ಸರದಿ. ಎದ್ದು ನಿಂತವರು ಒಂದು ನಿಮಿಷ ಬೆವರಿದರು. "ನಂಗೆ ಭಾಷಣ ಮಾಡ್ಲಿಕ್ಕೆ ಬರುವುದಿಲ್ಲ. ಮನೇಲಿ ನಾವು ಕೊಂಕಣಿ. ಕನ್ನಡ ಶಾಲೆಯಲ್ಲಿ ಕಲ್ತದ್ದು, ತುಕ್ಕು ಹಿಡಿದಿದೆ. ತಪ್ಪಿದ್ರೆ ನಗಾಡ್ಬೇಡಿ," ಎಂದು ಶುರು ಮಾಡಿದರು.

ಅವರ ಕಥೆ ಸರಳ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ೧೯೮೪ರಲ್ಲಿ, ಕುವೈತಿಗೆ ಹೋದರು. ಎಣ್ಣೆ ಸಂಗ್ರಹದ ಅಂಗಳದಲ್ಲಿ ಗೇಜರ್ ಕೆಲಸ. ಅಂದರೆ ದಿನವೂ ದೊಡ್ಡ ಟ್ಯಾಂಕುಗಳ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ತುದಿಯಲ್ಲಿ ಹಿತ್ತಾಳೆಯ ಗುಂಡು ಕಟ್ಟಿದ ಉಕ್ಕಿನ ಟೇಪನ್ನು ತಳದವರೆಗೆ ಇಳಿಬಿಟ್ಟು, ಎಣ್ಣೆ ಎಲ್ಲಿಯವರೆಗೆ ಅಂಟಿದೆ ಎಂದು ನೋಡಿ ಬರೆದುಕೊಳ್ಳುವುದು. ಟೇಪಿನ ತುದಿಗೆ ಒಂದು ಬಗೆಯ ಪೇಸ್ಟ್ ಹಚ್ಚಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ, ಎಣ್ಣೆ ತಾಗಿದರೆ ಬದಲಾಗುವುದಿಲ್ಲ. ನೀರು ಎಣ್ಣೆಗಿಂತ ಭಾರ, ಯಾವಾಗಲೂ ತಳದಲ್ಲಿ ಕೂರುತ್ತದೆ.

"ಹಾಗಾಗಿ ಆ ಮಂತ್ರಿಯ ಮೋಸ ಒಬ್ಬ ಗೇಜರ್ ಐದು ನಿಮಿಷದಲ್ಲಿ ಹಿಡೀತಾನೆ. ಎರಡು ಗಂಟೆ ಓಡ್ಲಿಕ್ಕೆ ಎಂತ ಉಂಟು? ಆ ಹುಡುಗಿ ಪಾಪ ಕಿಟಕಿಯಿಂದ ಯಾಕೆ ಹಾರ್ಬೇಕು? ಇಡೀ ಸಿನಿಮಾದಲ್ಲಿ ಎಣ್ಣೆ ಕೆಲ್ಸ ಮಾಡುವ ಒಬ್ಬನೇ ಒಬ್ಬ ಬಾಯಿ ಬಿಡ್ಲಿಲ್ಲ. ಅಲ್ಲಿ ಸಾವಿರ ಜನ ಇರ್ತೇವೆ ಮಾರಾಯ್ರೇ! ಒಬ್ಬನನ್ನು ಕೇಳ್ಬಹುದಿತ್ತಲ್ಲ?"

ಎಲ್ಲರೂ ನಕ್ಕೆವು. ಅವರಿಗೆ ಧೈರ್ಯ ಬಂತು. ಮೂಲೆಯಲ್ಲಿ ನಾವು ತಂದಿಟ್ಟಿದ್ದ ಸ್ಟೀಲಿನ ಕಾಫಿ ಕ್ಯಾನ್ ಅವರ ಕಣ್ಣಿಗೆ ಬಿತ್ತು. ಒಂದು ಚಮಚ ಕೇಳಿದರು, ಆದ್ಯಾಳ ಬ್ಯಾಗಿನಿಂದ ಒಂದು ರಿಬ್ಬನ್ ಇಸಕೊಂಡರು. ಚಮಚವನ್ನು ರಿಬ್ಬನ್ನಿಗೆ ಕಟ್ಟಿ ಕ್ಯಾನಿನೊಳಗೆ ಇಳಿಬಿಟ್ಟು ಮೇಲೆತ್ತಿದರು. ಒದ್ದೆಯಾದ ಭಾಗವನ್ನು ಗೇಣು ಹಾಕಿ ಅಳೆದರು, ಕ್ಯಾನಿನ ಬಾಯಿಯನ್ನೂ ಅಳೆದರು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು.

"ಹತ್ತೊಂಬತ್ತು ಲೋಟ. ಆಳಿಗೊಂದು. ಸರಿಯಾಗ್ತದೆ."

ನಾವು ಪಂದ್ಯದ ಹುರುಪಿನಲ್ಲಿ ಒಂದೊಂದೇ ಲೋಟ ತುಂಬಿದೆವು. ಹತ್ತೊಂಬತ್ತು ತುಂಬಿ ಇನ್ನೂ ಅರ್ಧ ಲೋಟ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಲ್ಫಿ ಅಂಕಲ್ ಮಾತ್ರ ಹುಬ್ಬು ಗಂಟಿಕ್ಕಿ ಖಾಲಿ ಕ್ಯಾನಿನೊಳಗೆ ತಲೆ ಹಾಕಿದರು.

"ಹಾಂ! ನೋಡಿ ಇಲ್ಲಿ. ತಳ ನಡುವಲ್ಲಿ ಮೇಲಕ್ಕೆ ಉಬ್ಬಿದೆ. ನನ್ನ ಚಮಚ ಆ ಗುಡ್ಡದ ಮೇಲೆ ಹೋಗಿ ಕೂತಿದೆ. ಹಾಗೆ ಅರ್ಧ ಲೋಟ ಕಮ್ಮಿ ತೋರ್ಸಿದ್ದು. ನನ್ನ ತಪ್ಪಲ್ಲ."

ಅಲ್ಲಿಯವರೆಗೆ ಫೋನಿನಲ್ಲಿ ಮುಳುಗಿದ್ದ ಆದ್ಯಾ ತಲೆ ಎತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. "ಅಂಕಲ್, ಡಿಡ್ ಯೂ ಎವರ್ ಡೂ ಎನಿಥಿಂಗ್ ಬ್ರೇವ್? ಲೈಕ್ ಇನ್ ದ ಮೂವಿ?" ಎಂದು ಕೇಳಿದಳು.

"ನಾನಾ? ಇಲ್ಲಪ್ಪ," ಎಂದು ಅವರು ನಕ್ಕರು. "ಏಣಿ ಹತ್ತುವುದು, ಇಳಿಯುವುದು. ಅದೇ ಬ್ರೇವ್."

ಕಾಫಿ ಕುಡಿಯುತ್ತಿದ್ದ ಇಡಾ ಆಂಟಿ ಲೋಟ ಕೆಳಗಿಟ್ಟರು. "ಮತ್ತೆ ಆ ಬಸ್ಸಿಂದು?"

"ಅದೆಂತ ಹೇಳುವುದು ಇಡಾ? ಡೀಸೆಲ್ ಬೇಕಿತ್ತು, ತೆಗ್ದದ್ದು."

"ವಾಟ್ ಬಸ್?" ಎಂದ ಡಿಕ್ಸನ್.

ಆಂಟಿ ನಮ್ಮೆಲ್ಲರ ಕಡೆ ತಿರುಗಿ ಕೂತರು. ಆ ಕಥೆಯನ್ನು ಅವರೇ ಹೇಳಿದರು. ಅಂಕಲ್ ನಡುನಡುವೆ ಅಳತೆಗಳನ್ನು ಮಾತ್ರ ತಿದ್ದುತ್ತಿದ್ದರು.

೧೯೯೦ರ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಕುವೈತಿನೊಳಗೆ ಬಂತು. ಅಲ್ಲಿದ್ದ ಭಾರತೀಯರೆಲ್ಲ ಹೊರಡಬೇಕಾಯಿತು. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನ್ ದೇಶದ ಗಡಿ ಸೇರಿ, ಅಮ್ಮಾನ್ ಊರಿನಿಂದ ವಿಮಾನ ಹಿಡಿಯುವುದು ದಾರಿ. ಆಂಟಿ ಅಲ್ಲೊಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು, ಆಗ ನಾಲ್ಕು ತಿಂಗಳ ಬಸುರಿ. ಸೆಪ್ಟೆಂಬರಿನಲ್ಲಿ ಒಂದು ಬಸ್ಸಿನಲ್ಲಿ ಜಾಗ ಸಿಕ್ಕಿತು. ಆಳಿಗೊಂದೇ ಚೀಲ.

"ಇವಳು ಚೀಲಕ್ಕೆ ಎಂತ ಹಾಕಿದ್ಲು ಕೇಳಿ," ಎಂದರು ಅಂಕಲ್.

"ಮದುವೆ ಆಲ್ಬಂ, ತೆಂಗಿನಕಾಯಿ ತುರಿಯುವ ತುರಿಮಣೆ, ಬಟ್ಟೆ ಒಣಗ್ಸುವ ನೈಲಾನ್ ಹಗ್ಗ," ಎಂದರು ಆಂಟಿ, ಒಂದಿಷ್ಟೂ ನಾಚದೆ. "ಹೊಸ ಹಗ್ಗ. ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

ಬಾಗ್ದಾದ್ ದಾಟಿದ ಮೇಲೆ ನೂರಾರು ಮೈಲಿ ಬರೀ ಮರಳು. ಬಸ್ಸಿನಲ್ಲಿ ನಲವತ್ತಮೂರು ಜನ, ಅದರಲ್ಲಿ ಒಂಬತ್ತು ಮಕ್ಕಳು. ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ರಸ್ತೆ ಬದಿಗೆ ನಿಲ್ಲಿಸಿ, ಡೀಸೆಲ್ ಮುಗಿಯುತ್ತ ಬಂದಿದೆ, ಗಡಿಯವರೆಗೆ ಸಾಲುವುದಿಲ್ಲ ಎಂದ. ಅಲ್ಲೇ ಒಂದು ಫರ್ಲಾಂಗ್ ದೂರದಲ್ಲಿ ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಶೆಡ್ಡು, ಅದರ ಪಕ್ಕ ಎತ್ತರದ ಸಿಮೆಂಟ್ ಕಟ್ಟೆಯ ಮೇಲೆ ಒಂದು ಟ್ಯಾಂಕ್. ಜನ ಓಡಿದರು. ನಲ್ಲಿ ತಿರುಗಿಸಿದರೆ ಒಂದು ಹನಿ ಬರಲಿಲ್ಲ. ತಮಗಿಂತ ಮೊದಲು ಹೋದ ಬಸ್ಸಿನವರೆಲ್ಲ ಅದನ್ನು ತಿರುಗಿಸಿ ನೋಡಿಯೇ ಹೋಗಿರಬೇಕು. ಎಲ್ಲರೂ ಸಪ್ಪಗೆ ವಾಪಸ್ ಬಂದರು. ಒಬ್ಬ ಅಜ್ಜಿ ಅಳತೊಡಗಿದರು.

"ಇವರು ಮಾತ್ರ ಬರ್ಲಿಲ್ಲ," ಎಂದರು ಆಂಟಿ. "ಅಲ್ಲೇ ನಿಂತು ಟ್ಯಾಂಕನ್ನು ನೋಡ್ತಿದ್ದಾರೆ, ಅಂಗಡಿಯಲ್ಲಿ ಮೀನು ನೋಡಿದ ಹಾಗೆ. ಆಮೇಲೆ ಓಡಿ ಬಂದ್ರು. ಇಡಾ, ಆ ಹಗ್ಗ ಕೊಡು ಅಂದ್ರು."

"ನಲ್ಲಿ ಯಾವಾಗ್ಲೂ ತಳಕ್ಕಿಂತ ಒಂದು ಗೇಣು ಮೇಲೆ ಇರ್ತದೆ," ಎಂದು ಅಂಕಲ್ ಆದ್ಯಾಗೆ ವಿವರಿಸಿದರು. "ಅದಕ್ಕಿಂತ ಕೆಳಗಿನ ಎಣ್ಣೆ ನಲ್ಲಿಯಲ್ಲಿ ಬರುವುದಿಲ್ಲ. ನಲ್ಲಿ ಖಾಲಿ ಅಂದ್ರೆ ಟ್ಯಾಂಕ್ ಖಾಲಿ ಅಂತ ಅಲ್ಲ."

ಅವರು ಡ್ರೈವರನ ಸ್ಪ್ಯಾನರನ್ನು ಹಗ್ಗದ ತುದಿಗೆ ಕಟ್ಟಿ, ಟ್ಯಾಂಕ್ ಹತ್ತಿ, ಮುಚ್ಚಳ ತೆಗೆದು ಇಳಿಬಿಟ್ಟರು. ಮೇಲೆತ್ತಿದಾಗ ಹಗ್ಗ ಒಂದು ಗೇಣು ಒದ್ದೆ. ಪೇಸ್ಟ್ ಇರಲಿಲ್ಲ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. ತುದಿಯ ನಾಲ್ಕು ಬೆರಳಿನಷ್ಟು ಬರೀ ನೀರು ಮತ್ತು ತುಕ್ಕು. ಅದರ ಮೇಲಿನದು ಒಳ್ಳೆಯ ಡೀಸೆಲ್. ನೀರನ್ನು ಬಸ್ಸಿಗೆ ಹಾಕಿದರೆ ಇಂಜಿನ್ ಅಲ್ಲೇ ಕೆಡುತ್ತದೆ. ಅದಕ್ಕೆ ಡ್ರೈವರನ ರಬ್ಬರ್ ಪೈಪನ್ನು ಅದೇ ಹಗ್ಗಕ್ಕೆ ಕಟ್ಟಿದರು, ಪೈಪಿನ ಬಾಯಿ ತಳದಿಂದ ಐದು ಬೆರಳು ಮೇಲೆ ನಿಲ್ಲುವ ಹಾಗೆ. ಇನ್ನೊಂದು ತುದಿಯನ್ನು ಕಟ್ಟೆಯಿಂದ ಕೆಳಕ್ಕೆ ತಂದು, ಬಾಯಿಯಿಂದ ಎಳೆದರು. ಮೂರನೇ ಸಲಕ್ಕೆ ಬಾಯಿ ತುಂಬ ಡೀಸೆಲ್ ಬಂತು.

"ಅಮ್ಮಾನ್ ಮುಟ್ಟುವವರೆಗೂ ಡೀಸೆಲ್ ತೇಗು," ಎಂದರು ಆಂಟಿ. "ಹತ್ರ ಕೂರ್ಲಿಕ್ಕೆ ಆಗ್ಲಿಲ್ಲ. ನಂಗೆ ಮೊದ್ಲೇ ವಾಂತಿ."

ಆ ಡೀಸೆಲನ್ನು ಅಂಕಲ್ ತಮ್ಮ ಬಿಳಿ ಬನಿಯನ್ನಿನಲ್ಲಿ ಸೋಸಿ ಕ್ಯಾನುಗಳಿಗೆ ತುಂಬಿದರು. ನೂರ ನಲವತ್ತು ಲೀಟರ್. ಹಿಂದೆ ಬಂದು ನಿಂತ ಇನ್ನೊಂದು ಬಸ್ಸಿಗೂ ಸಾಕಾಯಿತು. ಹೊರಡುವಾಗ ನೋಡಿದರೆ ಅಂಕಲ್ ಒಂದು ಇದ್ದಿಲ ಚೂರು ಹಿಡಿದು ಟ್ಯಾಂಕಿನ ಮೈಮೇಲೆ ಬರೆಯುತ್ತಿದ್ದಾರೆ. ತಾರೀಕು, ತೆಗೆದದ್ದು ಎಷ್ಟು, ಉಳಿದದ್ದು ಎಷ್ಟು, ಕೆಳಗೆ ನೀರು ಎಷ್ಟು, ಅಡಿಯಲ್ಲಿ ಸಹಿ.

"ಹಿಂದೆ ಬರುವವರಿಗೆ ಗೊತ್ತಾಗ್ಬೇಕಲ್ಲ," ಎಂದರು ಅಂಕಲ್, ಇದರಲ್ಲಿ ಆಶ್ಚರ್ಯವೇನು ಎಂಬಂತೆ. "ಅಳೆದ ಮೇಲೆ ಬರೆಯದೆ ಹೋಗ್ಲಿಕ್ಕಾಗ್ತದಾ?"

ಡಿಕ್ಸನ್ ಅಪ್ಪನನ್ನೇ ನೋಡುತ್ತಿದ್ದ. "ಡ್ಯಾಡ್, ಯೂ ನೆವರ್ ಟೋಲ್ಡ್ ಮಿ."

"ನಿಂಗೆ ಎಂತ ಹೇಳುವುದು ಮಗಾ? ನೀನೂ ಇದ್ದಿ ಅಲ್ಲ ಬಸ್ಸಲ್ಲಿ," ಎಂದು ಅಂಕಲ್ ಆಂಟಿಯ ಹೊಟ್ಟೆಯ ಕಡೆ ಕೈ ತೋರಿಸಿದರು.

ಡಿಕ್ಸನ್ ನಕ್ಕ, ಕಣ್ಣು ಒರೆಸಿಕೊಂಡ, ಮತ್ತೆ ನಕ್ಕ. ಎದ್ದು ಹೋಗಿ ಅಪ್ಪನ ಹೆಗಲ ಮೇಲೆ ಕೈ ಹಾಕಿ ನಿಂತ. ಸಿನಿಮಾದಲ್ಲಿ ಬಸ್ಸುಗಳ ದೃಶ್ಯ ಬಂದಾಗ ಆ ಇಬ್ಬರೂ ಕೈ ಹಿಡಿದು ಕೂತದ್ದು ಯಾಕೆಂದು ನನಗೆ ಆಗ ತಿಳಿಯಿತು. ನನ್ನ ಗದರಿಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹೊರಡುವ ಮುನ್ನ ಗೋಪಿ ಆಂಟಿಯನ್ನು, "ನಿಮಗೆ ಸಿನಿಮಾ ಹೇಗನಿಸ್ತು?" ಎಂದು ಕೇಳಿದ.

ಆಂಟಿ ಯೋಚಿಸಿದರು. "ಚೆನ್ನಾಗಿತ್ತು. ಆದ್ರೆ ಎರಡು ಗಂಟೆಯಲ್ಲಿ ಯಾರೂ ಒಂದು ತುತ್ತು ಊಟ ಮಾಡ್ಲಿಲ್ಲ. ವಿಸ್ಕಿ ಮಾತ್ರ ಕುಡಿದ್ರು. ಹಾಗಾದ್ರೆ ತಲೆ ಕೆಡದೆ ಇರ್ತದಾ? ಮಂತ್ರಿ ಮನೇಲಿ ಒಳ್ಳೆ ಅಡುಗೆಯವಳು ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಗೋಪಿ ಅದನ್ನು ಇಪ್ಪತ್ತೇಳನೇ ಸ್ಲೈಡಾಗಿ ಸೇರಿಸುತ್ತೇನೆ ಎಂದ.

ನವೆಂಬರಿನಲ್ಲಿ ನನಗೆ ಆಫೀಸಿನ ಕೆಲಸದ ಮೇಲೆ ಎರಡು ವಾರ ಮೆಲ್ಬರ್ನ್‌ಗೆ ಹೋಗಬೇಕಾಯಿತು. ಬಾಕ್ಸ್ ಹಿಲ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಇಳಿದುಕೊಂಡು ಇಡಾ ಆಂಟಿಗೆ ಫೋನ್ ಮಾಡಿದೆ. "ಭಾನುವಾರ ಬಾ. ಇವರು ಬಂದು ಕರ್ಕೊಂಡು ಬರ್ತಾರೆ. ಗರಾಜಲ್ಲಿ ಸಿನಿಮಾ ಹಾಕ್ತಿದ್ದಾರೆ," ಎಂದರು.

ಅಂಕಲ್ ಒಂದು ಗಂಟೆ ಮುಂಚೆಯೇ ಬಂದಿದ್ದರು. ದಾರಿಯಲ್ಲಿ ಉಳಿದ ಕಥೆ ಹೇಳಿದರು. ಊರಿಗೆ ವಾಪಸ್ ಬಂದ ಮೇಲೆ ಆರು ವರ್ಷ ಮಂಗಳೂರಿನ ಒಂದು ಪೆಟ್ರೋಲ್ ಬಂಕಿನಲ್ಲಿ ಮ್ಯಾನೇಜರ್ ಆಗಿದ್ದರು. ೧೯೯೭ರಲ್ಲಿ ಆಂಟಿಗೆ ಮೆಲ್ಬರ್ನ್‌ನಲ್ಲಿ ನರ್ಸ್ ಕೆಲಸ ಸಿಕ್ಕಿ, ಮೂವರೂ ಬಂದರು. ಹೆಂಡತಿಯ ವೀಸಾದ ಮೇಲೆ ಬಂದವನು ಎಂದು ಊರಿನ ಕೆಲವರು ಚುಚ್ಚಿದ್ದರಂತೆ. "ನಾನು ಹೇಳ್ದೆ, ನನ್ನ ಹೆಂಡ್ತಿ ಹಗ್ಗದ ಮೇಲೆ ಬಂದವನು ನಾನು, ವೀಸಾ ಯಾವ ಲೆಕ್ಕ?" ಎಂದು ನಕ್ಕರು. ಎರಡೇ ತಿಂಗಳಿಗೆ ನಗರದ ಪಶ್ಚಿಮಕ್ಕಿರುವ ಒಂದು ಎಣ್ಣೆ ಟರ್ಮಿನಲ್‌ನಲ್ಲಿ ಕೆಲಸ ಸಿಕ್ಕಿತು. ಹದಿನಾರು ವರ್ಷ ದುಡಿದು ನಿವೃತ್ತರಾದರು. ಈಗ ಟ್ಯಾಂಕ್ ಅಳೆಯುವುದು ಬಹುತೇಕ ಯಂತ್ರಗಳೇ. "ಯಂತ್ರ ಒಳ್ಳೇದೇ. ಆದ್ರೆ ಅದು ತಪ್ಪು ಹೇಳ್ತಾ ಉಂಟೋ ಸರಿ ಹೇಳ್ತಾ ಉಂಟೋ ನೋಡ್ಲಿಕ್ಕೆ ಈಗ್ಲೂ ಒಬ್ಬ ಹತ್ತಬೇಕು," ಎಂದರು ಹೆಮ್ಮೆಯಿಂದ.

ವೆಸ್ಟ್ ಗೇಟ್ ಸೇತುವೆಯ ಮೇಲೆ ಕಾರು ಏರಿದಾಗ ಕೆಳಗೆ ನದಿಯ ಪಕ್ಕ ಬಿಳಿ ಟ್ಯಾಂಕುಗಳು ಕಂಡವು. ಅಂಕಲ್ ರಸ್ತೆ ಬಿಟ್ಟು ಅವನ್ನೇ ನೋಡತೊಡಗಿದರು. "ಆ ತುದೀದು ನೋಡು. ಒಳಗಿನ ನೆರಳು ಉದ್ದ ಉಂಟು. ಎಣ್ಣೆ ಮೇಲೆ ತೇಲುವ ಮುಚ್ಚಳ ಅದು, ಕೆಳಗೆ ಇಳಿದಿದೆ. ನಿನ್ನೆ ಮಾಲು ಹೋಗಿದೆ."

"ಅಂಕಲ್, ರೋಡ್ ನೋಡಿ!" ಎಂದೆ. ನಾನು ಅವರನ್ನು ಗದರಿಸಿದ್ದು ಅದು ಎರಡನೇ ಸಲ.

ಗರಾಜಿನಿಂದ ಕಾರು ಹೊರಹಾಕಿ, ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ದರು. ಡಿಕ್ಸನ್ ಅಪ್ಪನಿಗೆ ಆ ಸಿನಿಮಾದ ಡಿವಿಡಿ ಕಳಿಸಿದ್ದ. ಪ್ರೊಜೆಕ್ಟರ್ ಚರ್ಚಿನ ಗೆಳೆಯರದು. ನಾಲ್ಕು ಗಂಟೆಗೆ ಅಕ್ಕಪಕ್ಕದ ಇಪ್ಪತ್ತೈದು ಜನ ಬಂದರು, ಅರ್ಧಕ್ಕರ್ಧ ಮಕ್ಕಳು. ಆಂಟಿ ಸಣ್ಣ ಮತ್ತು ಕೋಳಿ ಸಾರು ಮಾಡಿಟ್ಟಿದ್ದರು. ಸಣ್ಣ ಎಂದರೆ ಹುದುಗು ಬಂದ ಮೆತ್ತಗಿನ ಅಕ್ಕಿ ಇಡ್ಲಿ. ನನಗಾಗಿ ಬೇರೆ ತರಕಾರಿ ಸಾರೂ ಇತ್ತು. ರೋಲರ್ ಬಾಗಿಲು ಇಳಿಸಿ ಕತ್ತಲೆ ಮಾಡಿ ಸಿನಿಮಾ ಹಚ್ಚಿದರು.

ಮಂತ್ರಿ ಟ್ಯಾಂಕಿಗೆ ನೀರು ತುಂಬಿಸಿದ ಗುಟ್ಟು ಪತ್ರಕರ್ತೆಗೆ ತಿಳಿಯುವ ಜಾಗ ಬಂದಿತ್ತಷ್ಟೇ. ಪ್ರೊಜೆಕ್ಟರ್ ಟಪ್ ಎಂದಿತು. ಬಲ್ಬ್ ಹೋಗಿತ್ತು. ಮಕ್ಕಳು "ಓ..." ಎಂದು ಗೋಳಿಟ್ಟರು. ಪಕ್ಕದ ಮನೆಯ ಎಂಟು ವರ್ಷದ ವಿನಿಷಾ ಎದ್ದು, "ಬಟ್ ವಾಟ್ ಹ್ಯಾಪನ್ಸ್?" ಎಂದು ಅಳುವ ಮುಖ ಮಾಡಿದಳು.

ವಿಲ್ಫಿ ಅಂಕಲ್ ದೀಪ ಹಾಕಿದರು, ಬೆಡ್‌ಶೀಟಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ನಾನು ನೋಡಿದ್ದೇನೆ. ನಾನು ಹೇಳ್ತೇನೆ."

ಶುರು ಮಾಡಿದ್ದು ಸರಿಯಾಗಿಯೇ. ಪತ್ರಕರ್ತೆ ಅರಮನೆಗೆ ಹೋದಳು, ಕಂಪ್ಯೂಟರ್ ಕೋಣೆ ಸೇರಿದಳು. ಅಷ್ಟರಲ್ಲಿ ಅಂಕಲ್ ಒಂದು ಕ್ಷಣ ನಿಂತರು. ಅವರ ಮುಖದಲ್ಲಿ ತುಂಟತನ ಹಾದುಹೋದದ್ದನ್ನು ನಾನು ಕಂಡೆ.

"ಕಂಪ್ಯೂಟರಿಗೆ ಪಾಸ್‌ವರ್ಡ್! ಎಂತ ಮಾಡುವುದು? ಅವಳು ಹೊರಗೆ ಬಂದು ಅಳ್ತಾ ಕೂತ್ಲು. ಆಗ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಟೇಪು. ಯಾಕಮ್ಮ ಅಳ್ತೀ ಅಂತ ಕೇಳ್ದ."

"ಹೂ ವಾಸ್ ಹಿ?" ಎಂದಳು ವಿನಿಷಾ.

"ಗೇಜರ್! ಅವನ ಹೆಸರು..." ಅಂಕಲ್ ತಡವರಿಸಿದರು.

"ಅಡಿವೆಪ್ಪ," ಎಂದೆ ನಾನು. ನನ್ನ ಅಜ್ಜಿ ಮನೆಯ ಪಕ್ಕದವರ ಹೆಸರು. ಯಾಕೆ ಬಾಯಿಗೆ ಬಂತೋ ತಿಳಿಯದು.

"ಹಾಂ, ಅಡಿವೆಪ್ಪ!"

ಅಡಿವೆಪ್ಪ ಟ್ಯಾಂಕ್ ಹತ್ತಿದ. ಅಂಕಲ್ ಸ್ಟೂಲ್ ಹತ್ತಿದರು. ಕೆಳಗೆ ಸೈನಿಕರು ಗುಂಡು ಹಾರಿಸಿದರು. ಮಕ್ಕಳೇ ಆ ಸದ್ದು ಮಾಡಿದರು. ಅಡಿವೆಪ್ಪ ಹೆದರಲಿಲ್ಲ. ಗುಂಡಿಗಿಂತ ಅವನಿಗೆ ಅಳತೆ ಮುಖ್ಯ. ಟೇಪ್ ಇಳಿಬಿಟ್ಟ. ಎತ್ತಿದ. ಪೇಸ್ಟ್ ಕೆಂಪು! ಇಷ್ಟೆತ್ತರ ಕೆಂಪು! ದೇಶದ ಜನರೆಲ್ಲ ಆ ಕೆಂಪು ಟೇಪನ್ನು ಟಿವಿಯಲ್ಲಿ ನೋಡಿದರು. ಹೆಲಿಕಾಪ್ಟರಿನಲ್ಲಿ ಓಡಿಹೋಗಲು ಮಂತ್ರಿ ಹತ್ತಿದ, ಆದರೆ ಹೆಲಿಕಾಪ್ಟರಿನ ಟ್ಯಾಂಕಿಗೂ ಅದೇ ನೀರು ಹಾಕಿದ್ದರು. ಮೇಲೇಳಲಿಲ್ಲ.

ಗರಾಜು ಸಿಳ್ಳೆ ಚಪ್ಪಾಳೆಯಿಂದ ಗುಡುಗಿತು. ಆಂಟಿ ಬಾಗಿಲಲ್ಲಿ ನಿಂತು, ಸೆರಗಿಲ್ಲದ ಉಡುಪಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ, ಸೌಟಿನ ಹಿಂದೆ ನಗುತ್ತಿದ್ದರು. "ಮತ್ತೆ ಎಲ್ರೂ ಕೂತು ಸಣ್ಣ, ಕೋಳಿ ಸಾರು ಊಟ ಮಾಡಿದ್ರು ಅಂತ ಸೇರ್ಸಿ," ಎಂದು ಕೂಗಿದರು. ಅಂಕಲ್ ಅದನ್ನೂ ಸೇರಿಸಿದರು. ನಾವೂ ಕೂತು ಊಟ ಮಾಡಿದೆವು. ವಿನಿಷಾ ಅಂಕಲ್ ಪಕ್ಕದಲ್ಲೇ ಕೂತು ಸಾರಿನ ಪಾತ್ರೆಗೆ ಒಂದು ದಾರ ಬಿಡಲು ಹೊರಟಿದ್ದಳು. ಅವಳ ಅಮ್ಮ ರೋಶ್ನಿ ಕಿತ್ತುಕೊಂಡರು.

ನಾನು ಸಿಡ್ನಿಗೆ ಮರಳಿದ ಒಂದು ವಾರದ ಮೇಲೆ ಸಂಜೆ ಅಂಕಲ್ ಫೋನ್ ಬಂತು. ಧ್ವನಿಯಲ್ಲಿ ಗಾಬರಿ.

"ಜಯಾ, ಒಂದು ತೊಂದ್ರೆ ಆಗಿದೆ. ಆ ರೋಶ್ನಿ ಡಿವಿಡಿ ತಕೊಂಡು ಹೋಗಿ ಮನೇಲಿ ಪೂರಾ ನೋಡಿದ್ದಾಳೆ. ಈಗ ಬಂದು ಕೇಳ್ತಾಳೆ, ಅಂಕಲ್, ಅಡಿವೆಪ್ಪ ಎಲ್ಲಿ? ಅವನು ಬರಲೇ ಇಲ್ಲವಲ್ಲ, ಡಿವಿಡಿ ಕಟ್ ಆಗಿದೆಯಾ ಅಂತ. ಎಂತ ಹೇಳುವುದು ಈಗ?"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಇಡಾ ಆಂಟಿಯ ಧ್ವನಿ ಕೇಳಿಸಿತು. "ಅದ್ರಲ್ಲಿ ಹೇಳ್ಲಿಕ್ಕೆ ಎಂತ ಉಂಟು? ಭಾನುವಾರ ಬರ್ಲಿಕ್ಕೆ ಹೇಳಿ. ಈ ಸಲ ಪ್ರೊಜೆಕ್ಟರ್ ಬೇಡ, ಬರೀ ಸ್ಟೂಲ್ ಸಾಕು. ನಾನು ಮೀನು ಮಾಡ್ತೇನೆ."